ಮಡಚುವ ಚಾಕುವಿನ ಕುಲಮೂಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ—ಮಲಪ್ರಭೆಯ ಸೀಮೆಯ ಈ ನಾಲ್ಕು ಊರುಗಳ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸು ಖಡ್ಗದ ಕಡೆಗೆ ಹರಿಯುತ್ತದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಮಡಿದದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಕೈಸೇರಿದ್ದು, ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಮುಚ್ಚಿದ್ದು, ಸಂಗೊಳ್ಳಿ ರಾಯಣ್ಣ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ್ದು—ಇವೆಲ್ಲ ಇಲ್ಲಿಯ ಮಕ್ಕಳಿಗೂ ಕಂಠಪಾಠವಾಗಿರುವ ಸಂಗತಿಗಳು. ಇಂಥ ನಾಡಿನಲ್ಲಿ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಿಂದ ತುಕ್ಕು ಹಿಡಿದ ಒಂದು ಚಾಕು ಹೊರಬಂದರೆ, “ಇದು ಚೆನ್ನಮ್ಮನ ಕಾಲದ್ದು” ಎಂಬ ಮಾತು ತಾನಾಗಿಯೇ ಹುಟ್ಟಿಕೊಳ್ಳುವುದು ಸಹಜ.

ಆ ಮಾತು ನಿಜವಿರಬಹುದು, ಇಲ್ಲದೆಯೂ ಇರಬಹುದು. ಅದನ್ನು ತೀರ್ಮಾನಿಸಬೇಕಾದವರು ಯಾರು? ಮನೆಯ ಹಿರಿಯರೇ? ಊರಿನ ಅಭಿಮಾನವೇ? ಹಳೆಯ ಸಾಮಾನನ್ನು ಕೊಳ್ಳಬಂದ ವ್ಯಾಪಾರಿಯೇ? ಇವರಾರೂ ಅಲ್ಲ. ತೀರ್ಪು ಕೊಡಬಲ್ಲ ಸಾಕ್ಷಿ ಆ ಚಾಕುವೇ. ಅದರ ಅಲಗು, ಕೀಲು, ಮೊಳೆ, ಹಿಡಿಕೆ, ಬುಡದಲ್ಲಿ ಒತ್ತಿದ ಮುದ್ರೆ, ಇವುಗಳಲ್ಲಿ ಒಂದೊಂದೂ ಒಂದೊಂದು ಕಾಲವನ್ನು ಹೇಳುತ್ತದೆ. ಆ ಭಾಷೆಯನ್ನು ಓದಲು ಕಲಿತವನಿಗೆ ಅಂಗೈಯಗಲದ ಚಾಕು ಒಂದು ಪುಟ್ಟ ಇತಿಹಾಸದ ಪುಸ್ತಕವಾಗುತ್ತದೆ. ಖಡ್ಗ ಅರಸರ ಮನೆಯ ಸೊತ್ತು. ಮಡಚುವ ಚಾಕು ಕುಲಕರ್ಣಿಯದು, ರೈತನದು, ಸಿಪಾಯಿಯದು. ಆದುದರಿಂದ ಸಾಮಾನ್ಯ ಜನರ ಚರಿತ್ರೆಯನ್ನು ತಿಳಿಯಬಯಸುವ ವಿದ್ಯಾರ್ಥಿಗೆ ಅದು ಖಡ್ಗಕ್ಕಿಂತ ಹೆಚ್ಚಿನ ಸಂಗತಿಗಳನ್ನು ಹೇಳಬಲ್ಲದು.

ಮಡಿಕೆಯ ಉಪಾಯ

ಹರಿತವಾದ ಅಲಗನ್ನು ಜೊತೆಯಲ್ಲಿ ಒಯ್ಯುವುದು ಹೇಗೆ? ಇದಕ್ಕೆ ಮನುಷ್ಯ ಕಂಡುಕೊಂಡ ಉಪಾಯಗಳು ಎರಡು. ಒಂದು, ಒರೆ. ಇನ್ನೊಂದು, ಹಿಡಿಕೆಯನ್ನೇ ಒರೆಯನ್ನಾಗಿ ಮಾಡಿಕೊಳ್ಳುವುದು. ಈ ಎರಡನೆಯ ಉಪಾಯವೇ ಮಡಚುವ ಚಾಕು. ಆಸ್ಟ್ರಿಯ ದೇಶದ ಹಾಲ್‌ಸ್ಟಾಟ್ ಎಂಬಲ್ಲಿ ದೊರೆತ, ಎಲುಬಿನ ಹಿಡಿಕೆಯುಳ್ಳ ಮಡಚುವ ಚಾಕುವೊಂದು ಕ್ರಿ.ಪೂ. 600-500ರ ಕಾಲದ್ದೆಂದು ಎಣಿಸಲಾಗಿದೆ. ರೋಮನರಂತೂ ಚಾಕು, ಚಮಚ, ಮುಳ್ಳುಚಮಚಗಳನ್ನು ಒಂದೇ ಹಿಡಿಕೆಯಲ್ಲಿ ಮಡಚಿಡುವ ಬೆಳ್ಳಿಯ ಸಾಧನವನ್ನು ಮಾಡಿದ್ದರು, ಕ್ರಿ.ಶ. ಮೂರನೆಯ ಶತಮಾನದ ಅಂಥದೊಂದು ಇಂಗ್ಲೆಂಡಿನ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಮ್ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಜನಕ್ಕೂ ಕೀಲಿನ ಉಪಾಯ ಹೊಸದಲ್ಲ. ಎಲೆ-ಅಡಿಕೆಯ ತಟ್ಟೆಯಲ್ಲಿರುವ ಅಡಕೊತ್ತನ್ನು ನೋಡಿ: ಒಂದೇ ಮೊಳೆಯ ಸುತ್ತ ತಿರುಗುವ ಎರಡು ತೋಳುಗಳು, ಒಂದರಲ್ಲಿ ಅಲಗು. ಕ್ಷೌರದ ಕತ್ತಿಯನ್ನು ನೋಡಿ: ಕೆಲಸ ಮುಗಿದ ಮೇಲೆ ಅದರ ಅಲಗು ಎರಡು ಪಟ್ಟಿಗಳ ನಡುವೆ ಮಲಗುತ್ತದೆ. ಇವುಗಳಿಗಿಂತ ಕುತೂಹಲಕರವಾದುದು ತಾಡೋಲೆ ಬರೆಯುವವರ ಸಾಧನ. ಓಲೆಯ ಮೇಲೆ ಅಕ್ಷರ ಕೊರೆಯಲು ಕಂಟವೆಂಬ ಉಕ್ಕಿನ ಮೊನೆ ಬೇಕು. ಗರಿಯನ್ನು ಅಳತೆಗೆ ಕತ್ತರಿಸಲು ಚೂರಿ ಬೇಕು. ದಕ್ಷಿಣ ಭಾರತದ ಲಿಪಿಕಾರರು ಇವೆರಡನ್ನೂ ಒಂದೇ ಹಿಡಿಕೆಗೆ ಕೂಡಿಸಿ ಮಡಚುವಂತೆ ಮಾಡಿಸಿಕೊಳ್ಳುತ್ತಿದ್ದರು. ತಮಿಳಿನಲ್ಲಿ ಮಡಚುವ ಕಂಟಕ್ಕೆ ‘ಮಡಕ್ಕೆಳುತ್ತಾಣಿ’ ಎಂಬ ಹೆಸರೇ ಇದೆ. ಹಳೆಯ ಮಠಗಳ ಕಟ್ಟುಗಳಲ್ಲಿ ಓಲೆಗರಿಗಳೊಡನೆ ಇಂಥ ಸಾಧನ ಕಂಡರೆ ಅದನ್ನು ಬರಿಯ ಚಾಕುವೆಂದು ಬದಿಗಿಡಬಾರದು. ಅದು ಲೇಖನಿಯೂ ಹೌದು.

‘ಚಾಕು’ ಎಂಬ ಮಾತಿನಲ್ಲಿಯೂ ಒಂದು ಕತೆ ಅಡಗಿದೆ. ‘ಚೂರಿ’ ಸಂಸ್ಕೃತ ಮೂಲದ್ದು. ‘ಸುರಗಿ’ ಹಳಗನ್ನಡದಲ್ಲಿಯೇ ಇದೆ. ‘ಚಾಕು’ವಾದರೋ ಪಾರಸಿಯಿಂದ ಬಂದ ಶಬ್ದ. ತುರ್ಕಿ ಭಾಷೆಯಲ್ಲಿ ಇದರ ಬಂಧುವಾದ ‘ಚಕಿ’ ಎಂಬ ಮಾತಿಗೆ ಇಂದಿಗೂ ಜೇಬಿನಲ್ಲಿಡುವ, ಮಡಚುವ ಚಾಕು ಎಂದೇ ಅರ್ಥ. ಕುಲಕರ್ಣಿಗಳು ಲೆಕ್ಕದ ಪುಸ್ತಕಗಳಲ್ಲಿ ಮೋಡಿ ಅಕ್ಷರಗಳನ್ನು ಬರೆಯುತ್ತಿದ್ದ ಕಾಲದಲ್ಲಿ ಬೋರು ಎಂಬ ಜೊಂಡಿನ ಲೇಖನಿಯನ್ನು ಮತ್ತೆ ಮತ್ತೆ ಕೆತ್ತಿಕೊಳ್ಳಬೇಕಾಗುತ್ತಿತ್ತು. ಬರಹಗಾರನ ಪೆಟ್ಟಿಗೆಯಲ್ಲಿ ಮಸಿಯ ದೌತಿಯ ಪಕ್ಕದಲ್ಲಿ ಒಂದು ಸಣ್ಣ ಚಾಕು ಇರಲೇಬೇಕಾಗಿತ್ತು. ಇಂಗ್ಲಿಷಿನಲ್ಲಿ ಪುಟ್ಟ ಚಾಕುವಿಗೆ ‘ಪೆನ್‌ನೈಫ್’ ಎಂಬ ಹೆಸರು ಬಂದದ್ದೂ ಇದೇ ಕಾರಣದಿಂದ: ಹಕ್ಕಿಯ ಗರಿಯ ಲೇಖನಿಯನ್ನು ಕೆತ್ತುವ ಸಾಧನ ಅದು. 1820-30ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನ ಕಾರಖಾನೆಗಳು ಉಕ್ಕಿನ ನಿಬ್ಬುಗಳನ್ನು ರಾಶಿರಾಶಿಯಾಗಿ ಮಾಡತೊಡಗಿದ ಮೇಲೆ ಚಾಕುವಿನ ಆ ಕೆಲಸ ಕ್ರಮೇಣ ತಪ್ಪಿಹೋಯಿತು. ಹೆಸರು ಮಾತ್ರ ಉಳಿಯಿತು.

ಸ್ಪ್ರಿಂಗಿನ ಗುಟ್ಟು

ಚಾಕುವಿನ ವಯಸ್ಸನ್ನು ಅಳೆಯಹೊರಟವನು ಮೊದಲು ನೋಡಬೇಕಾದುದು ಅದರ ಕೀಲನ್ನು. ತೀರ ಸರಳವಾದ ಕೀಲಿನಲ್ಲಿ ಇರುವುದು ಒಂದು ಮೊಳೆ ಮಾತ್ರ. ಅಲಗು ಹಿಡಿಕೆಗೆ ಒತ್ತಿ ಉಜ್ಜುವುದರಿಂದಲೇ ನಿಂತಿರುತ್ತದೆ. ಮೊಳೆ ಸಡಿಲಾದರೆ ಅಲಗು ತೊಯ್ದಾಡುತ್ತದೆ. ಆಗ ಮೊಳೆಯ ತಲೆಯನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡಿದರೆ ಸಾಕು. ಇದು ಯಾವ ಕಂಬಾರಸಾಲೆಯಲ್ಲಿಯಾದರೂ ಆಗಬಹುದಾದ ಕೆಲಸ. ಇಂಥ ಕೀಲು ರೋಮನರ ಕಾಲದಿಂದ ಇಂದಿನವರೆಗೂ ನಡೆದು ಬಂದಿರುವುದರಿಂದ, ಅದೊಂದನ್ನೇ ನೋಡಿ ಕಾಲವನ್ನು ಹೇಳಲಾಗದು.

ಎರಡನೆಯ ಬಗೆಯಲ್ಲಿ ಹಿಡಿಕೆಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿಯಿರುತ್ತದೆ. ಅದೇ ಸ್ಪ್ರಿಂಗು. ಅಲಗಿನ ಬುಡವನ್ನು ದುಂಡಗೆ ಮಾಡದೆ, ಎರಡು ಕಡೆ ಚಪ್ಪಟೆಯಾಗಿ ಅರೆದು ನಡುವೆ ಒಂದು ಮೂಲೆಯನ್ನು ಬಿಟ್ಟಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಒಂದು ಚಪ್ಪಟೆ ಮುಖವೂ, ಪೂರ್ತಿ ಮುಚ್ಚಿದಾಗ ಇನ್ನೊಂದು ಮುಖವೂ ಸ್ಪ್ರಿಂಗಿನ ಮೇಲೆ ಕೂರುತ್ತವೆ. ನಡುವಿನ ಸ್ಥಿತಿಯಲ್ಲಿ ಆ ಮೂಲೆ ಸ್ಪ್ರಿಂಗನ್ನು ಮೇಲಕ್ಕೆತ್ತುತ್ತದೆ. ನಮ್ಮ ಬೆರಳಿನ ಶ್ರಮ ಬಾಗಿದ ಉಕ್ಕಿನಲ್ಲಿ ಶಕ್ತಿಯಾಗಿ ಕೂಡಿಕೊಳ್ಳುತ್ತದೆ. ಮೂಲೆ ದಾಟಿದೊಡನೆ ಸ್ಪ್ರಿಂಗು ಆ ಶಕ್ತಿಯನ್ನು ಮರಳಿ ಕೊಡುತ್ತದೆ. ‘ಟಕ್’ ಎಂಬ ಸದ್ದಿನೊಡನೆ ಅಲಗು ತನ್ನ ಸ್ಥಾನಕ್ಕೆ ಸೇರುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಈ ಬಗೆಯ ಚಾಕುಗಳ ಕಸಬು ಹದಿನೇಳನೆಯ ಶತಮಾನದಲ್ಲಿ ನೆಲೆಗೊಂಡಿತು. ಆ ಊರಿನ ಕತ್ತಿಗಾರರ ಸಂಘ 1624ರಲ್ಲಿಯೇ ಪಾರ್ಲಿಮೆಂಟಿನ ಕಾಯಿದೆಯಿಂದ ಸ್ಥಾಪಿತವಾಗಿತ್ತು.

ಮೂರನೆಯ ಬಗೆಯದು ಬೀಗದ ಕೀಲು. ತೆರೆದ ಅಲಗು ತಾನಾಗಿ ಮಡಚದಂತೆ ಒಂದು ಕೊಂಡಿ ಅದನ್ನು ಹಿಡಿದಿಡುತ್ತದೆ. ಸ್ಪೇನಿನ ನವಾಹ, ಉತ್ತರ ಪ್ರದೇಶದ ರಾಮಪುರಿ—ಎರಡೂ ಈ ಜಾತಿಯವು. ಹಿಂದೀ ಚಲನಚಿತ್ರಗಳಿಂದಾಗಿ ರಾಮಪುರಿಯ ಹೆಸರು ದಕ್ಷಿಣಕ್ಕೂ ಹಬ್ಬಿತು. ಆ ಊರಿನ ಕುಶಲಕರ್ಮಿಗಳಿಗೆ ಅದರಿಂದ ಕೀರ್ತಿಗಿಂತ ಅಪಕೀರ್ತಿಯೇ ಹೆಚ್ಚಾಗಿ ಬಂದಿತು. ನಾಲ್ಕೂವರೆ ಅಂಗುಲಕ್ಕಿಂತ ಉದ್ದವಾದ ಅಲಗಿನ ಚಾಕುಗಳನ್ನು ಅಲ್ಲಿಯ ಸರಕಾರ 1990ರ ದಶಕದಲ್ಲಿ ನಿಷೇಧಿಸಿದ ಮೇಲೆ ಕಸಬು ಕುಗ್ಗಿತು.

ಒಂದೇ ಚಾಕುವಿನಲ್ಲಿ ಅಲಗು ಗಡುಸಾಗಿರಬೇಕು, ಸ್ಪ್ರಿಂಗು ಬಾಗುವಂತಿರಬೇಕು. ಎರಡೂ ಉಕ್ಕೇ ಆಗಿರುವಾಗ ಇದು ಹೇಗೆ ಸಾಧ್ಯ? ಗುಟ್ಟು ಇರುವುದು ಹದದಲ್ಲಿ. ಕೆಂಪಗೆ ಕಾದ ಉಕ್ಕನ್ನು ನೀರಿನಲ್ಲಿ ಅಥವಾ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಪೆಡಸೂ ಆಗುತ್ತದೆ. ಅದನ್ನು ಮತ್ತೆ ನಿಧಾನವಾಗಿ ಕಾಯಿಸಿದರೆ ಪೆಡಸುತನ ಇಳಿಯುತ್ತದೆ. ಎಷ್ಟು ಕಾಯಿಸಬೇಕೆಂಬುದನ್ನು ಕಂಬಾರನು ಲೋಹದ ಮೇಲೆ ಮೂಡುವ ಬಣ್ಣದಿಂದ ತಿಳಿಯುತ್ತಾನೆ. ಸುಮಾರು 230 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಹಳದಿ ಮೂಡುತ್ತದೆ. ಕ್ಷೌರದ ಕತ್ತಿಗೂ ಸಣ್ಣ ಚಾಕುವಿನ ಅಲಗಿಗೂ ಅದು ಸರಿಯಾದ ಹದ. ಸುಮಾರು 300 ಡಿಗ್ರಿಯಲ್ಲಿ ನೀಲಿ ಮೂಡುತ್ತದೆ. ಅದು ಸ್ಪ್ರಿಂಗಿನ ಹದ. ಬಣ್ಣಕ್ಕೆ ಕಾರಣ ಉಕ್ಕಿನ ಮೇಲೆ ಕೂರುವ ಆಕ್ಸೈಡಿನ ತೆಳುವಾದ ಪೊರೆ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಉಷ್ಣತಾಮಾಪಕವಿಲ್ಲದ ಕಾಲದಲ್ಲಿ ಕಂಬಾರನ ಕಣ್ಣೇ ಉಷ್ಣತಾಮಾಪಕವಾಗಿತ್ತು.

ನಮ್ಮ ಉಕ್ಕು, ಅವರ ಚಾಕು

ಇಲ್ಲಿ ಕನ್ನಡ ವಿದ್ಯಾರ್ಥಿಗಳು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನೂ ಸೌದೆ-ಎಲೆಗಳನ್ನೂ ಮುಚ್ಚಿ ಕಾಯಿಸಿ ಹೆಚ್ಚು ಇಂಗಾಲವುಳ್ಳ ಉಕ್ಕನ್ನು ತಯಾರಿಸುವ ವಿದ್ಯೆ ಬಹು ಪ್ರಾಚೀನವಾದುದು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿ ಅಂಥ ಕೇಂದ್ರಗಳಲ್ಲಿ ಒಂದು. ಯುರೋಪಿಯನರು ಈ ಲೋಹವನ್ನು ‘ವೂಟ್ಸ್’ ಎಂದು ಕರೆದರು. ಈ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ.

1794ರಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬಾತ ಈ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಜೋಸೆಫ್ ಬ್ಯಾಂಕ್ಸನಿಗೆ ಕಳಿಸಿದನು. ಅದನ್ನು ಪರೀಕ್ಷಿಸಲು ಜೇಮ್ಸ್ ಸ್ಟೋಡಾರ್ಟ್ ಎಂಬ ಪ್ರಸಿದ್ಧ ಕತ್ತಿಗಾರನು ಅದರಿಂದ ಮೊದಲು ಮಾಡಿದ ವಸ್ತು ಯಾವುದು ಗೊತ್ತೇ? ಲೇಖನಿ ಕೆತ್ತುವ ಒಂದು ಚಾಕು. ಅದಕ್ಕೆ 450 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಹದ ಕೊಟ್ಟಾಗ ಅದರ ಧಾರೆ ಅತ್ಯುತ್ತಮ ಉಕ್ಕಿನ ಚಾಕುವಿಗೆ ಸರಿಸಮನಾಗಿತ್ತೆಂದು 1795ರಲ್ಲಿ ಜಾರ್ಜ್ ಪಿಯರ್‌ಸನ್ ತನ್ನ ಪ್ರಬಂಧದಲ್ಲಿ ವರದಿಮಾಡಿದನು. ಲೆಕ್ಕ ಹಾಕಿ ನೋಡಿ: 450 ಡಿಗ್ರಿ ಫ್ಯಾರನ್‌ಹೀಟ್ ಎಂದರೆ 232 ಡಿಗ್ರಿ ಸೆಂಟಿಗ್ರೇಡ್, ನಮ್ಮ ಕಂಬಾರನ ಒಣಹುಲ್ಲಿನ ಹಳದಿ! ಮುಂದೆ ಮೈಕೆಲ್ ಫ್ಯಾರಡೆ ಸಹ ಸ್ಟೋಡಾರ್ಟನೊಡನೆ ಸೇರಿ ಈ ಉಕ್ಕಿನ ಮೇಲೆ ಪ್ರಯೋಗ ನಡೆಸಿದನು.

ಆದರೆ ಅದೇ ಶತಮಾನದಲ್ಲಿ ಕಾರಖಾನೆಯ ಅಗ್ಗದ ಉಕ್ಕು ನಮ್ಮ ಮೂಸೆಗಳನ್ನು ಆರಿಸಿತು. ಉಕ್ಕಿನ ಹೆಸರನ್ನು ಕೊಟ್ಟ ನಾಡೇ ವಿಲಾಯಿತಿಯ ಚಾಕುವನ್ನು ಕೊಳ್ಳುವ ಪೇಟೆಯಾಯಿತು.

ಪರದೇಶದ ಚಾಕು ಬಂದ ದಾರಿ

ಬೆಳಗಾವಿಯ ಕೋಟೆ 1818ರಲ್ಲಿ ಇಂಗ್ಲಿಷರ ವಶವಾಗಿ ಅಲ್ಲಿ ದಂಡು ನೆಲಸಿತು. ದಂಡಿನೊಡನೆ ದಂಡಿನ ಪೇಟೆ, ಪೇಟೆಯೊಡನೆ ವಿಲಾಯಿತಿ ಸಾಮಾನು. ಆಗ ಸರಕು ವೆಂಗುರ್ಲಾ ಬಂದರದಲ್ಲಿ ಇಳಿದು ಬಂಡಿಗಳಲ್ಲಿ ಘಟ್ಟ ಹತ್ತಿ ಬರಬೇಕಾಗಿತ್ತು. 1880ರ ದಶಕದ ಕೊನೆಯಲ್ಲಿ ರೈಲು ಬೆಳಗಾವಿಯನ್ನು ಮುಟ್ಟಿದ ಮೇಲೆ ದಾರಿ ಸುಗಮವಾಯಿತು. ಬೈಲಹೊಂಗಲದ ಹತ್ತಿಯ ಪೇಟೆ, ಸವದತ್ತಿಯ ಎಲ್ಲಮ್ಮನ ಗುಡ್ಡದ ಜಾತ್ರೆ, 1948ರವರೆಗೆ ಸಂಸ್ಥಾನದ ರಾಜಧಾನಿಯಾಗಿದ್ದ ರಾಮದುರ್ಗ—ಇಂಥ ಕೂಡುದಾಣಗಳಿಂದ ಸಣ್ಣಪುಟ್ಟ ಸರಕು ಹಳ್ಳಿಹಳ್ಳಿಗೆ ಸಾಗುವುದು ಕಷ್ಟವಾಗಿರಲಿಲ್ಲ.

ಇನ್ನೊಂದು ದಾರಿ ಸಿಪಾಯಿಯ ಚೀಲ. ಮರಾಠಾ ಪದಾತಿ ದಳದ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಎರಡನೆಯ ಮಹಾಯುದ್ಧದ ಸೈನಿಕರ ಚಾಕುವನ್ನು ಗುರುತಿಸುವುದು ಸುಲಭ: ಅಗಲವಾದ ಒಂದು ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಹಗ್ಗದ ಗಂಟು ಬಿಡಿಸುವ ಉಕ್ಕಿನ ಮೊನೆ, ಕಪ್ಪು ಹಿಡಿಕೆ, ದಾರ ಕಟ್ಟಲು ಒಂದು ಬಳೆ. ಅದರ ಮೇಲೆ ಸರಕಾರಿ ಸೊತ್ತನ್ನು ಸೂಚಿಸುವ ಬಾಣದ ಗುರುತೂ, ಹಲವು ಸಲ ತಯಾರಾದ ಇಸವಿಯೂ ಇರುತ್ತವೆ. ಭಾರತದ ಸೇನಾ ಸಾಮಗ್ರಿಗಾದರೆ ಬಾಣದೊಡನೆ ‘ಐ’ ಎಂಬ ಇಂಗ್ಲಿಷ್ ಅಕ್ಷರವನ್ನು ಸೇರಿಸುತ್ತಿದ್ದರು. ಇಂಥ ಚಾಕು ಮನೆಯಲ್ಲಿದ್ದರೆ ಅದು ಅಜ್ಜನೊಬ್ಬನ ಯುದ್ಧಕಾಲದ ನೆನಪಾಗಿರುವ ಸಂಭವ ಹೆಚ್ಚು.

ಕಾಲನಿರ್ಣಯದ ಸೂತ್ರ

ಪ್ರಾಚ್ಯವಸ್ತುಗಳನ್ನು ಅಭ್ಯಸಿಸುವವರು ಪಾಲಿಸುವ ಒಂದು ಸರಳ ಸೂತ್ರವಿದೆ: ಒಂದು ವಸ್ತು ತನ್ನಲ್ಲಿರುವ ಅತ್ಯಂತ ಹೊಸ ಭಾಗಕ್ಕಿಂತ ಹಳೆಯದಾಗಿರಲಾರದು. ಆ ಭಾಗವನ್ನು ಆಮೇಲೆ ರಿಪೇರಿಗಾಗಿ ಸೇರಿಸಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಈ ಸೂತ್ರವನ್ನು ಚಾಕುವಿಗೆ ಅನ್ವಯಿಸಲು ಕೆಲವು ಇಸವಿಗಳನ್ನು ನೆನಪಿನಲ್ಲಿಟ್ಟರೆ ಸಾಕು.

ಮೊದಲನೆಯದಾಗಿ ಅಲಗು. ತುಕ್ಕು ಹಿಡಿಯದ ಉಕ್ಕನ್ನು ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತಯಾರಿಸಿದ್ದು 1913ರಲ್ಲಿ. ಅದರಲ್ಲಿ ಶೇಕಡಾ 12.8ರಷ್ಟು ಕ್ರೋಮಿಯಂ ಇತ್ತು. ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂಬ ಮುದ್ರೆಯಿದ್ದರೆ ಆ ಚಾಕು ಅದಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಸೂಜಿಗಲ್ಲಿನಿಂದ ಇದನ್ನು ಪರೀಕ್ಷಿಸಲು ಹೋಗಬೇಡಿರಿ; ಚಾಕುವಿಗೆ ಬಳಸುವ ತುಕ್ಕುರಹಿತ ಉಕ್ಕು ಸಹ ಸಾಮಾನ್ಯವಾಗಿ ಸೂಜಿಗಲ್ಲಿಗೆ ಅಂಟುತ್ತದೆ.

ಎರಡನೆಯದು ಹಿಡಿಕೆಯ ತುದಿಗೆ ಹಾಕಿದ ಲೋಹದ ಕಟ್ಟು. ಅದು ಕಬ್ಬಿಣದ್ದಾಗಿರಬಹುದು, ಹಿತ್ತಾಳೆಯದಾಗಿರಬಹುದು, ಅಥವಾ ಬೆಳ್ಳಿಯಂತೆ ಹೊಳೆಯುವ ‘ಜರ್ಮನ್ ಸಿಲ್ವರ್’ ಆಗಿರಬಹುದು. ಈ ಕಡೆಯದರಲ್ಲಿ ಬೆಳ್ಳಿಯ ಹೆಸರಿದ್ದರೂ ಬೆಳ್ಳಿಯಿಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಲೋಹ. 1820ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡು 1830ರ ದಶಕದಲ್ಲಿ ಇಂಗ್ಲೆಂಡಿನ ಕಾರಖಾನೆಗಳಿಗೆ ಹರಡಿತು.

ಮೂರನೆಯದು ಹಿಡಿಕೆಯ ಹೊದಿಕೆ. ಕೊಂಬು, ಎಲುಬು, ಕರಿಮರ, ಬೀಟೆ—ಇವು ಎಲ್ಲ ಕಾಲದವು. ಸೆಲ್ಯುಲಾಯ್ಡ್ 1870ರ ಸುಮಾರಿನದು, ಬೇಕಲೈಟು 1907ರದು. ಶೆಫೀಲ್ಡಿನವರು ಹಿಡಿಕೆಗಾಗಿ ಭಾರತದ ಕಡವೆಯ ಕೊಂಬನ್ನು ಹೇರಳವಾಗಿ ತರಿಸಿಕೊಳ್ಳುತ್ತಿದ್ದರು. ನಮ್ಮ ಕಾಡಿನ ಕೊಂಬು ಸಮುದ್ರ ದಾಟಿ ಹೋಗಿ, ಚಾಕುವಿನ ಹಿಡಿಕೆಯಾಗಿ ಇಲ್ಲಿಗೇ ಮರಳಿರುವುದೂ ಉಂಟು. ಆದುದರಿಂದ ಕಡವೆಯ ಕೊಂಬಿನ ಹಿಡಿಕೆಯನ್ನು ಕಂಡ ಮಾತ್ರಕ್ಕೆ “ಇದು ನಮ್ಮೂರಿನ ಕೆಲಸ” ಎನ್ನಲಾಗದು.

ನಾಲ್ಕನೆಯದು ಮುದ್ರೆ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ‘ಐ ಎಕ್ಸ್ ಎಲ್’ ಎಂಬ ಮೂರು ಅಕ್ಷರಗಳು ಅದೇ ಊರಿನ ವೊಸ್ಟೆನ್‌ಹೋಮ್ ಕಂಪನಿಯದು. ಕೈಹಿಡಿದು ನಿಂತ ಅವಳಿಗಳ ಚಿತ್ರ ಜರ್ಮನಿಯ ಝೋಲಿಂಗನ್ನಿನ ಹೆಂಕೆಲ್ಸರದು. ಅದು 1731ರಷ್ಟು ಹಳೆಯದು. ಆದರೆ ಮುದ್ರೆ ಸುಳ್ಳನ್ನೂ ಹೇಳಬಲ್ಲದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕೆಲವರು ತಮ್ಮ ಅಗ್ಗದ ಚಾಕುಗಳಿಗೆ ಶೆಫೀಲ್ಡಿನ ಹೆಸರನ್ನೇ ಒತ್ತಿ ಮಾರುತ್ತಿದ್ದರು. ಇದನ್ನು ತಡೆಯಲು ಬ್ರಿಟನ್ 1887ರಲ್ಲಿ ಸರಕುಮುದ್ರೆಗಳ ಕಾಯಿದೆಯನ್ನು ಮಾಡಿತು. 1889ರಲ್ಲಿ ಭಾರತದಲ್ಲಿಯೂ ಅಂಥ ಕಾಯಿದೆ ಬಂದಿತು. ಪರದೇಶದ ಸರಕು ಬ್ರಿಟಿಷರದೆಂಬ ಭ್ರಮೆ ಹುಟ್ಟಿಸುವಂತಿದ್ದರೆ ಅದರ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕಾಯಿತು. ಆದ್ದರಿಂದ ‘ಮೇಡ್ ಇನ್ ಜರ್ಮನಿ’ ಎಂಬ ಒಕ್ಕಣೆ ಸಾಮಾನ್ಯವಾಗಿ 1887ರ ಈಚಿನದು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು. ಪಂಜಾಬಿನ ವಜೀರಾಬಾದು ಹಳೆಯ ಚಾಕುಗಳ ಊರು. ಅಲ್ಲಿಯ ಚಾಕುವಿನ ಮೇಲೆ ‘ಪಾಕಿಸ್ತಾನ’ ಎಂಬ ಹೆಸರಿದ್ದರೆ ಅದು 1947ರ ಅನಂತರದ್ದೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ಉದಾಹರಣೆ

ಈ ಸೂತ್ರ ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡಲು ಒಂದು ಚಾಕುವನ್ನು ಕಲ್ಪಿಸಿಕೊಳ್ಳೋಣ. ಕಿತ್ತೂರಿನ ಕಾಳಗದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನಿಂದ ಕಸಿದುಕೊಂಡದ್ದೆಂದು ಮನೆಯವರು ಹೇಳುತ್ತಾರೆ. ಅಲಗಿನ ಬುಡದಲ್ಲಿ ಕಿರೀಟದ ಎರಡು ಬದಿಗೆ ‘ಜಿ’ ‘ಆರ್’ ಎಂಬ ಅಕ್ಷರಗಳಿವೆ. ಇವು ಜಾರ್ಜ್ ದೊರೆಯನ್ನು ಸೂಚಿಸುತ್ತವೆ. 1824ರಲ್ಲಿ ಇಂಗ್ಲೆಂಡನ್ನು ಆಳುತ್ತಿದ್ದವನು ನಾಲ್ಕನೆಯ ಜಾರ್ಜ್. ಹಾಗಾದರೆ ಮನೆಯವರ ಮಾತು ಸಿದ್ಧವಾಯಿತೇ?

ಅವಸರ ಬೇಡ. ನಾಲ್ಕನೆಯ ಜಾರ್ಜ್ ಆಳಿದ್ದು 1820ರಿಂದ 1830ರವರೆಗೆ. ಐದನೆಯ ಜಾರ್ಜ್ 1910ರಿಂದ 1936ರವರೆಗೂ, ಆರನೆಯ ಜಾರ್ಜ್ 1936ರಿಂದ 1952ರವರೆಗೂ ಆಳಿದರು. ಮೂವರ ಗುರುತೂ ಅವೇ ಎರಡು ಅಕ್ಷರಗಳು. ನಡುವಿನ ‘ವಿ’ ‘ಆರ್’ ವಿಕ್ಟೋರಿಯಾ ರಾಣಿಯದು, 1837ರಿಂದ 1901ರದು. ಈಗ ಚಾಕುವಿನ ಉಳಿದ ಭಾಗಗಳನ್ನು ಕೇಳಬೇಕು. ಹಿಡಿಕೆ ಸೆಲ್ಯುಲಾಯ್ಡಿನದೇ? ಹಾಗಿದ್ದರೆ ನಾಲ್ಕನೆಯ ಜಾರ್ಜನ ಕಾಲ ಬಿದ್ದುಹೋಯಿತು. ಕಟ್ಟು ಜರ್ಮನ್ ಸಿಲ್ವರಿನದೇ? ಆಗಲೂ 1824ರ ಮಾತು ನಿಲ್ಲುವುದು ಕಷ್ಟ. ‘ಸ್ಟೇನ್‌ಲೆಸ್’ ಎಂಬ ಒಂದೇ ಮಾತು ಸಿಕ್ಕರೆ ವಾದವೇ ಮುಗಿಯಿತು.

ಎಲ್ಲ ಭಾಗಗಳೂ ಹಳೆಯವೇ ಆಗಿದ್ದು, ಒಳತಗಡು ಕಬ್ಬಿಣದ್ದಾಗಿ, ಹಿಡಿಕೆ ಕೊಂಬಿನದಾಗಿ, ಕೈಯರದ ಗುರುತುಗಳು ಕಾಣುತ್ತಿದ್ದರೆ? ಆಗ ಆ ಚಾಕು 1820-30ರದಾಗಿರಬಹುದು ಎನ್ನಬಹುದು. ಆಗಲೂ ಅದು ಕಿತ್ತೂರಿನ ಕಾಳಗದಲ್ಲಿತ್ತೆಂದು ಸಿದ್ಧವಾಗದು. ಆ ಮಾತಿಗೆ ಬಾಧಕವಿಲ್ಲವೆಂದಷ್ಟೇ ಆಯಿತು. ‘ಆಗಿರಬಹುದು’ ಎಂಬುದಕ್ಕೂ ‘ಆಗಿತ್ತು’ ಎಂಬುದಕ್ಕೂ ನಡುವೆ ಇರುವ ಅಂತರವನ್ನು ದಾಟಲು ಬೇರೆ ಸಾಕ್ಷಿ ಬೇಕು: ಒಂದು ಪತ್ರ, ಒಂದು ದಾಖಲೆ, ಕೆತ್ತಿದ ಒಂದು ಹೆಸರು. ವಿಜ್ಞಾನದ ವಿದ್ಯಾರ್ಥಿ ಈ ಅಂತರವನ್ನು ಎಂದೂ ಮರೆಯಬಾರದು.

ಸಂಗ್ರಹಿಸುವವನ ಧರ್ಮ

ಹಳೆಯ ಚಾಕುವಿಗೆ ತುಕ್ಕಿಗಿಂತ ದೊಡ್ಡ ವೈರಿ ಯಾವುದೆಂದರೆ ಅದರ ಮೇಲಿನ ಪ್ರೀತಿ! ಖಂಡೇಪೂಜೆಯ ದಿನ ಮನೆಯ ಆಯುಧಗಳನ್ನೆಲ್ಲ ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ಬೆಳಗುವ ಪದ್ಧತಿಯಿದೆ. ಕೆಲವರು ಉಪ್ಪುಕಾಗದದಿಂದ ಉಜ್ಜುತ್ತಾರೆ. ಕೆಲವರು ಸಾಣೆಗೇ ಕೊಡುತ್ತಾರೆ. ಮುದ್ರೆಯ ಆಳ ಒಂದು ಮಿಲಿಮೀಟರಿನ ಅಲ್ಪ ಭಾಗ ಮಾತ್ರ. ಒಮ್ಮೆ ಸಾಣೆ ಹಿಡಿದರೆ ಶತಮಾನದ ಸಾಕ್ಷಿ ಕಿಡಿಯಾಗಿ ಹಾರಿಹೋಗುತ್ತದೆ. ಮೆತ್ತನೆಯ ಬಟ್ಟೆಯಿಂದ ಒರಸಿ, ಹೊಲಿಗೆಯಂತ್ರಕ್ಕೆ ಹಾಕುವ ತೆಳುವಾದ ಎಣ್ಣೆಯನ್ನು ಸವರಿದರೆ ಸಾಕು. ಪೂಜೆಯ ಕುಂಕುಮ-ನೀರು ಅಲಗಿನ ಮೇಲೆ ಉಳಿಯದಂತೆ ಮರುದಿನ ಒರಸಿಬಿಡಬೇಕು. ಸೆಲ್ಯುಲಾಯ್ಡಿನ ಹಿಡಿಕೆಯ ಚಾಕುಗಳನ್ನು ಬೇರೆಯಾಗಿ, ಗಾಳಿಯಾಡುವಲ್ಲಿ ಇಡಬೇಕು. ಆ ವಸ್ತು ಹಳತಾದಂತೆ ಆಮ್ಲದ ಆವಿಯನ್ನು ಬಿಟ್ಟು ಪಕ್ಕದ ಅಲಗುಗಳನ್ನೂ ಕೆಡಿಸುತ್ತದೆ. ಬೇಗ ಬೆಂಕಿಯನ್ನೂ ಹಿಡಿಯುತ್ತದೆ. ಆದ್ದರಿಂದ ಕಾದ ಸೂಜಿ ಚುಚ್ಚಿ ಪರೀಕ್ಷಿಸುವ ಸಾಹಸ ಬೇಡ.

ಪ್ರತಿಯೊಂದು ಚಾಕುವಿಗೂ ಒಂದು ಚೀಟಿ ಇರಲಿ. ಅದರಲ್ಲಿ ಎರಡು ಅಂಕಣಗಳನ್ನು ಮಾಡಿಕೊಳ್ಳಿ. ಒಂದಕ್ಕೆ ‘ಕೇಳಿದ್ದು’ ಎಂದು ಹೆಸರಿಡಿ. ಯಾವ ಊರು, ಯಾರ ಮನೆ, ಅವರು ಹೇಳಿದ ಕತೆ—ಇವೆಲ್ಲ ಅವರ ಮಾತಿನಲ್ಲಿಯೇ ಅಲ್ಲಿ ಇರಲಿ. ಇನ್ನೊಂದಕ್ಕೆ ‘ಕಂಡದ್ದು’ ಎಂದು ಹೆಸರಿಡಿ. ಅಳತೆ, ತೂಕ, ಕೀಲಿನ ಬಗೆ, ಲೋಹ, ಮುದ್ರೆಯ ಚಿತ್ರ ಅಲ್ಲಿ ಬರಲಿ. ಮುದ್ರೆಯ ಮೇಲೆ ತೆಳುವಾದ ಕಾಗದವಿಟ್ಟು ಸೀಸದ ಕಡ್ಡಿಯಿಂದ ಮೆಲ್ಲಗೆ ತೀಡಿದರೆ ಅದರ ಪಡಿಯಚ್ಚು ಮೂಡುತ್ತದೆ. ಎರಡು ಅಂಕಣಗಳನ್ನು ಎಂದೂ ಒಂದರೊಳಗೊಂದು ಬೆರಸಬಾರದು.

ಕಾಯಿದೆಯ ಅರಿವೂ ಬೇಕು. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯದಾದ ಕುಶಲವಸ್ತು ಪ್ರಾಚ್ಯವಸ್ತುವೆನಿಸುತ್ತದೆ; ಅದನ್ನು ಪರದೇಶಕ್ಕೆ ಸಾಗಿಸಲು ಖಾಸಗಿಯವರಿಗೆ ಅವಕಾಶವಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ವಸ್ತು ಸಿಕ್ಕರೆ ಸರಕಾರಿ ಅಧಿಕಾರಿಗಳಿಗೆ ತಿಳಿಸಬೇಕು. ದಂತ, ಕಡವೆಯ ಕೊಂಬುಗಳ ವ್ಯಾಪಾರಕ್ಕೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತಡೆಯಿದೆ. ಮನೆಗೆಲಸ, ಒಕ್ಕಲುತನ ಮುಂತಾದವುಗಳಿಗೆಂದು ಮಾಡಿದವನ್ನು ಬಿಟ್ಟರೆ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳು ಆಯುಧಗಳ ಕಾಯಿದೆಯ ಪಟ್ಟಿಗೆ ಸೇರುತ್ತವೆ. ಎಲ್ಲಕ್ಕೂ ಮಿಗಿಲಾಗಿ, ಸಂಗ್ರಹದ ಚಾಕು ಪೆಟ್ಟಿಗೆಯಲ್ಲಿರಬೇಕಾದ ವಸ್ತು. ಶಾಲೆಗೋ ಜಾತ್ರೆಗೋ ಜೇಬಿನಲ್ಲಿ ಒಯ್ಯುವಂಥದಲ್ಲ.

ಅಭಿಮಾನವೂ ಸತ್ಯವೂ

ಇಷ್ಟೆಲ್ಲ ಪರೀಕ್ಷೆ ಮಾಡಿ ಮನೆಯ ನೆಚ್ಚಿನ ಕತೆಯನ್ನು ಕೆಡಿಸುವುದೇಕೆ ಎಂದು ಕೆಲವರು ಕೇಳಬಹುದು. ಕಿತ್ತೂರಿನ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಆ ಸೀಮೆಯ ಹಳೆಯ ವಸ್ತುಗಳನ್ನು ಕಾಪಾಡಿ ಇಡಲಾಗಿದೆ. ಅವುಗಳ ಬೆಲೆ ಉಳಿಯುವುದು ನಿಜವಾದುದಕ್ಕೂ ನಿಜವಲ್ಲದ್ದಕ್ಕೂ ಭೇದ ಮಾಡುವ ಜನ ಇರುವ ತನಕ ಮಾತ್ರ. ಜರ್ಮನಿಯ ಕಾರಖಾನೆಯ ಚಾಕುವೂ ‘ಚೆನ್ನಮ್ಮನ ಕಾಲದ್ದು’ ಎನಿಸಿಕೊಂಡರೆ, ನಿಜವಾಗಿ ಆ ಕಾಲದ್ದಾದ ವಸ್ತುವಿನ ಮಾತನ್ನು ನಂಬುವವರು ಯಾರು? ಸುಳ್ಳು ಸಾಕ್ಷಿಗಳ ಗುಂಪಿನಲ್ಲಿ ನಿಂತ ಸತ್ಯಸಾಕ್ಷಿಗೂ ಬೆಲೆಯಿಲ್ಲದಂತಾಗುತ್ತದೆ. ರಾಣಿಯ ಹೆಸರಿಗೆ ಸಲ್ಲಿಸಬೇಕಾದ ಗೌರವದಲ್ಲಿ ಈ ಎಚ್ಚರವೂ ಸೇರಿದೆ.

ಪರೀಕ್ಷೆಯಿಂದ ಕಳೆದುಕೊಳ್ಳುವುದೂ ಏನಿಲ್ಲ. ಒಂದು ಚಾಕು 1824ರದಲ್ಲ, 1943ರದು ಎಂದು ತಿಳಿದಾಗ ಒಂದು ಕತೆ ಮುಗಿದರೂ ಇನ್ನೊಂದು ಕತೆ ಆರಂಭವಾಗುತ್ತದೆ. ಅದನ್ನು ತಂದವರು ಯಾರು? ಯಾವ ಪಡೆಯಲ್ಲಿದ್ದರು? ಯಾವ ದೇಶದ ಮರಳನ್ನು ತುಳಿದು ಮನೆಗೆ ಮರಳಿದರು? ಆ ಹಿರಿಯರನ್ನು ಕಂಡವರು ಇನ್ನೂ ಕೆಲವರು ಮನೆಯಲ್ಲಿರಬಹುದು. ಕೇಳಿ ಬರೆದಿಡಲು ಕಾಲ ಇನ್ನೂ ಮೀರಿಲ್ಲ. ಗುಜರಿಯವನ ತಕ್ಕಡಿಗೆ ಹಾಕಿದರೆ ಅದು ಕೆಲವು ತೊಲೆ ಕಬ್ಬಿಣ. ಚೀಟಿಯೊಡನೆ ಪೆಟ್ಟಿಗೆಯಲ್ಲಿಟ್ಟರೆ ಅದು ಮನೆತನದ ದಾಖಲೆ.